ಚಿಲ್ಲರೆ ಊರಲ್ಲೇ ಇದೆ: ಡಬ್ಬಿ ಹಂಚಿದ ನನ್ನ ಅನುಭವ

ಕುಮಟಾ ಪೇಟೆಯಲ್ಲಿ ನನ್ನದು ಸಣ್ಣ ಚಾ ತಿಂಡಿ ಅಂಗಡಿ. ಚಾಕ್ಕೆ 12 ರೂಪಾಯಿ. ಸುತ್ತಮುತ್ತ ಎಲ್ಲರೂ 15 ಮಾಡಿ ಚಿಲ್ಲರೆ ತಾಪತ್ರಯ ಮುಗಿಸಿಕೊಂಡರು. ನನಗೆ ಅದು ಸರಿ ಕಾಣಲಿಲ್ಲ. ದಿನಕ್ಕೆ ಎರಡು ಸಲ ಬರುವ ಹಮಾಲಿಗೆ ತಿಂಗಳಿಗೆ 180 ರೂಪಾಯಿ ಜಾಸ್ತಿ ಬೀಳ್ತದೆ. ನನ್ನ ಗಲ್ಲಾದಲ್ಲಿ ನಾಣ್ಯ ಇಲ್ಲ ಅಂತ ಅವನು ಯಾಕೆ ಕೊಡಬೇಕು?

ಈ ಅಂಗಡಿಯಲ್ಲಿ 'ಚಿಲ್ಲರೆ ಇಲ್ಲ' ಅನ್ನೋ ಮಾತು ನಿಂತು ಹತ್ತಿರ ಹತ್ತಿರ ಮೂರು ವರ್ಷ ಆಯಿತು. ಪಕ್ಕದ ಕಿರಾಣಿಯವರು, ನನ್ನ ಭಾವ, ದಿನಾ ಪಿಗ್ಮಿ ತುಂಬಿಸಿಕೊಳ್ಳಲು ಬರುವ ಹುಡುಗ, ಮೂವರೂ ಗಿರಾಕಿಗಳ ಮನೆಗೆ ಡಬ್ಬಿ ಕೊಟ್ಟು ಚಿಲ್ಲರೆ ಒಟ್ಟು ಮಾಡೋದು ನಡೆಯೋದಿಲ್ಲ ಅಂದಿದ್ದರು. ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಗಲ್ಲಾದ ಮೇಲೆ ಕೂತವರಿಗೆ ಇದರ ಸಂಕಟ ಬೇರೆ ಹೇಳಬೇಕಾಗಿಲ್ಲ.

ಮೊದಲು ಸೋತದ್ದನ್ನು ಹೇಳುತ್ತೇನೆ.

ಎಲ್ಲರ ಹಾಗೆ ನಾನೂ ಚಾಕಲೇಟ್ ಕೊಟ್ಟೆ. ಲೆಕ್ಕದಲ್ಲಿ ಲಾಭವೇ, ಒಂದಕ್ಕೆ 25–30 ಪೈಸೆ ಉಳಿತಿತ್ತು. ಆದರೆ ಒಂದು ದಿನ ಒಬ್ಬ ಅಜ್ಜಿ ಅದನ್ನು ಮೇಜಿನ ಮೇಲೆ ವಾಪಸ್ ಇಟ್ಟರು. "ತಮಾ, ನನಗೆ ಬಸ್ಸಿಂದ ಇಳಿದು ಆಟೋಕ್ಕೆ ಕೊಡೂಕೆ ದುಡ್ಡು ಬೇಕು, ಇದಲ್ಲ" ಅಂದರು. ಆವತ್ತೇ ಬಿಟ್ಟೆ.

ಆಮೇಲೆ ಚೀಟಿ. ಮೂರು ರೂಪಾಯಿ ಬಾಕಿ ಇದ್ದರೆ ಚೀಟಿಯಲ್ಲಿ 3 ಅಂತ ಬರೆದು ಸಹಿ ಹಾಕಿ ಕೊಡೋದು. ಕಂಡಕ್ಟರುಗಳು ಟಿಕೆಟ್ ಹಿಂದೆ ಬರೆದುಕೊಡ್ತಾರಲ್ಲ, ಅದನ್ನು ನೋಡಿ ಕಲಿತದ್ದು. ಬಸ್ಸಿನಲ್ಲಿ ಇಳಿಯುವುದರೊಳಗೆ ಲೆಕ್ಕ ಮುಗೀತದೆ, ಅಂಗಡಿಯಲ್ಲಿ ಮುಗಿಯೋದಿಲ್ಲ. ಕೆಲವರು ಕಳೆದುಕೊಂಡು ಸಿಟ್ಟಾದರು. ಒಬ್ಬರು ಎಂಟು ತಿಂಗಳ ಚೀಟಿ ಕಟ್ಟು ಕಟ್ಟಿ ತಂದರು. ನಡುವೆ ಎಲ್ಲೋ 3 ಇದ್ದದ್ದು 8 ಆಗಿರುವ ಚೀಟಿಗಳೂ ಕಂಡವು. ಅದರಲ್ಲಿ ಕೈಬಿಟ್ಟದ್ದು 1,100 ಇರಬಹುದು.

ಮೂರನೆಯದು ಕಮಿಷನ್. ನೂರು ರೂಪಾಯಿ ನಾಣ್ಯಕ್ಕೆ 108 ಕೊಟ್ಟು ತರುತ್ತಿದ್ದೆ. ನನಗೆ ವಾರಕ್ಕೆ ಒಂದು, ಎರಡು, ಐದರ ನಾಣ್ಯ ಸೇರಿ ಅಂದಾಜು 3,000 ಬೇಕು. ಅಂದರೆ ವಾರಕ್ಕೆ 240, ವರ್ಷಕ್ಕೆ 12,000ದ ಮೇಲೆ. ದುಡ್ಡು ಕೊಟ್ಟು ದುಡ್ಡನ್ನೇ ಕೊಳ್ಳೋದು! ಬ್ಯಾಂಕಿಗೂ ಹೋಗಿದ್ದೆ. ಒಂದು ಕಡೆ ನಾಳೆ ಬನ್ನಿ ಅಂದರು, ಆ ನಾಳೆ ಬರಲೇ ಇಲ್ಲ.

2023ರ ತನಕ ಒಂದಷ್ಟು ಆಧಾರ ಅಂದರೆ ಬಸ್ ಕಂಡಕ್ಟರುಗಳು. ಸಂಜೆ ಟ್ರಿಪ್ ಮುಗಿದ ಮೇಲೆ ಚೀಲದ ನಾಣ್ಯ ನನಗೆ ಕೊಟ್ಟು ನೋಟು ಒಯ್ಯುತ್ತಿದ್ದರು. ಡಿಪೋದಲ್ಲಿ ಎಣಿಸಿ ಕಟ್ಟಲು ಅವರಿಗೂ ನೋಟೇ ಸಲೀಸು. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ ಉಚಿತ ಆಯಿತು. ಒಳ್ಳೆಯದೇ ಆಯಿತು, ನಮ್ಮ ಮನೆಯವಳೂ ತವರಿಗೆ ಜಾಸ್ತಿ ಹೋಗ್ತಾಳೆ. ಆದರೆ ಕಂಡಕ್ಟರ ಚೀಲ ಹಗುರಾಯಿತು. ಬಸ್ಸಿಗೆ ಹೋಗುತ್ತಿದ್ದ ಆ ನಾಣ್ಯಗಳೆಲ್ಲ ಮನೆಯಲ್ಲೇ ಕೂತವು.

ಫೋನಿನಲ್ಲೇ ತೆಗೆದುಕೊಳ್ಳಿ ಅಂತ ಹೇಳೋರು ಹೇಳ್ತಾರೆ. ಅರ್ಧ ಗಿರಾಕಿ ಸ್ಕ್ಯಾನ್ ಮಾಡಿಯೇ ಕೊಡೋದು. ಉಳಿದ ಅರ್ಧ? ಶಾಲೆ ಮಕ್ಕಳು, ಮುದುಕರು, ಹಳ್ಳಿಯಿಂದ ಸೊಪ್ಪು ತರುವ ಹಾಲಕ್ಕಿ ಹೆಂಗಸರು. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕ್ ಹೋದರೆ ಎಲ್ಲರೂ ಜೇಬಿಗೇ ಕೈ ಹಾಕಬೇಕು.

ದಾರಿ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಅದೇ ವರ್ಷ ಚೌತಿಗೆ ಮನೆ ತೊಳೆಯುವಾಗ ಹೆಂಡತಿ ಫ್ರಿಜ್ಜಿನ ಮೇಲಿನ ತಟ್ಟೆ, ನನ್ನ ಹಳೇ ಅಂಗಿಗಳ ಜೇಬು, ಸಾಸಿವೆ ಡಬ್ಬಿ, ಟಿವಿ ಹಿಂದೆ, ಮಗಳ ಕಂಪಾಸು ಪೆಟ್ಟಿಗೆ ಎಲ್ಲ ಕೊಡವಿ ನಾಣ್ಯ ಒಂದು ಮೊರಕ್ಕೆ ಹಾಕಿದಳು. ಎಣಿಸಿದೆ. 1,340 ರೂಪಾಯಿ. ಊರೆಲ್ಲ ತಿರುಗಿ 108ಕ್ಕೆ ನೂರು ತರುವವನ ಮನೆಯಲ್ಲಿ ಇಷ್ಟು! ಹಾಗಾದರೆ ಉಳಿದವರ ಮನೆಯಲ್ಲಿ?

ಡಬ್ಬಿಯ ಯೋಚನೆ ಅಲ್ಲಿಂದ. ಗಿರಾಕಿಗಳಿಗೆ ಡಬ್ಬಿ ಕೊಡೋದು. ಅವರು ಮನೆಯಲ್ಲಿ ಚಿಲ್ಲರೆ ಹಾಕುತ್ತಾ ಹೋಗೋದು. ತಂದಾಗ ಅವರ ಎದುರೇ ಎಣಿಸಿ ನೋಟು ಕೊಟ್ಟು, ಮೇಲೆ ಸ್ವಲ್ಪ ತಿಂಡಿ ಕೊಡೋದು. ಇದೇನು ಹೊಸ ವಿದ್ಯೆ ಅಲ್ಲ. ನಮ್ಮ ಕರಾವಳಿಯಲ್ಲೇ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ತರೋದರಿಂದ. ಚಿಲ್ಲರೆ ಎಲ್ಲಿ ಇದೆಯೋ ಅಲ್ಲಿಗೆ ನಾವು ಹೋಗಬೇಕು, ಅದು ನಮ್ಮ ಹತ್ತಿರ ಬರೋದಿಲ್ಲ.

ಶುರುವಿನಲ್ಲಿ ಮೂರು ಸಲ ತಪ್ಪಿತು. ಒಂದು ಡಬ್ಬಿ ಮೇಜಿನ ಮೇಲಿಟ್ಟು 'ಚಿಲ್ಲರೆ ಇಲ್ಲಿ ಹಾಕಿ' ಅಂತ ಬರೆದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಂತ ತಿಳಿದು ಜನ ಕೈ ಮುಗಿದು ಹಾಕಿದರು. ಆ 86 ರೂಪಾಯಿ ನಿಜವಾಗಿಯೂ ದೇವಸ್ಥಾನಕ್ಕೇ ಕೊಟ್ಟು ಬಂದೆ. ಎರಡನೇ ಸಲ ಗಾಜಿನ ಬಾಟಲಿ ಹನ್ನೊಂದು ಮನೆಗೆ ಕೊಟ್ಟೆ. ಒಳಗಿನ ನಾಣ್ಯ ಕಣ್ಣಿಗೆ ಕಾಣ್ತದೆ, ಅವಸರಕ್ಕೆ ಕೈ ಹಾಕಿ ತೆಗೀತಾರೆ. ಎರಡು ಒಡೆದವು, ಐದು ಬರಲೇ ಇಲ್ಲ. ಆಮೇಲೆ ಮಕ್ಕಳ ಹಾಲಿನ ಪುಡಿಯ ಖಾಲಿ ತಗಡಿನ ಡಬ್ಬಿ ಒಟ್ಟು ಮಾಡಿ, ಗ್ಯಾರೇಜಿನಲ್ಲಿ ಒಂದಕ್ಕೆ ಐದು ರೂಪಾಯಿ ಕೊಟ್ಟು ಮುಚ್ಚಳಕ್ಕೆ ಸೀಳು ಹಾಕಿಸಿದೆ. ಸೀಳು ಮೂರು ಸೆಂಟಿಮೀಟರ್ ಉದ್ದ ಇರಲಿ. ಹನ್ನೆರಡು ಮೂಲೆಯ 20ರ ನಾಣ್ಯವೂ ಇಳಿಯಬೇಕು, ಬೆರಳು ಇಳಿಯಬಾರದು.

ಮೂರನೆಯ ತಪ್ಪು ದುಬಾರಿ. ನೂರಕ್ಕೆ ಐದು ರೂಪಾಯಿ ತಿಂಡಿ ಅಂತ ಹೇಳಿಬಿಟ್ಟೆ. ಒಬ್ಬ ಆಟೋದವನು 4,200 ತಂದ. ಹೇಳಿದ ಮಾತು ತಪ್ಪಬಾರದಲ್ವಾ, 210 ರೂಪಾಯಿಯ ಬನ್ಸ್ ಮತ್ತು ಬಜೆ ಕಟ್ಟಿ ಕೊಟ್ಟೆ. ಮರುವಾರ ಇನ್ನೊಬ್ಬ 6,000 ತಂದ. ಗೋಕರ್ಣದ ಕಡೆಯಿಂದ ಸಮ ಸಮಕ್ಕೆ ತಂದು ನನಗೆ ಕೊಡುತ್ತಿದ್ದರು. ಆವತ್ತಿನಿಂದ ನೂರಕ್ಕೆ ಮೂರು, ಒಂದು ಸಲಕ್ಕೆ ಒಂದೇ ಡಬ್ಬಿ, 500ರ ಮೇಲೆ ಇಲ್ಲ. ಡಬ್ಬಿಗೆ ನಂಬರ್, ಹೆಂಡತಿಯ ಹತ್ತಿರ ಪುಸ್ತಕ.

ಇಷ್ಟು ಮಾಡಿದ ಮೇಲೆ ಗೊತ್ತಾದದ್ದು, ಒಬ್ಬೊಬ್ಬರಿಗೂ ಚಿಲ್ಲರೆಯ ಅಭ್ಯಾಸ ಬೇರೆ. ಎಲ್ಲರಿಗೂ ಡಬ್ಬಿ ಕೊಟ್ಟು ಪ್ರಯೋಜನ ಇಲ್ಲ.

ಮೀನು ಮಾರುವ ಅಕ್ಕ ಡಬ್ಬಿ ಮುಟ್ಟಲೇ ಇಲ್ಲ. "ಅವತ್ತಿನ ದುಡ್ಡು ಅವತ್ತೇ ಲೆಕ್ಕ ಆಗ್ಬೇಕು ತಮಾ" ಅಂದಳು. ಹನ್ನೊಂದು ಗಂಟೆಗೆ ಬುಟ್ಟಿ ಖಾಲಿ ಮಾಡಿ ಚಾಕ್ಕೆ ಬರ್ತಾಳೆ. ಸೊಂಟದ ಸಂಚಿ ಬಿಚ್ಚಿ ಮೇಜಿನ ಮೇಲೆ ಸುರೀತಾಳೆ. ಬಾಡಿದ ಎಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ, ನಡುವೆ ನಾಣ್ಯ. ಕೆಲವಕ್ಕೆ ಮೀನಿನ ಹುರುಪೆ ಅಂಟಿ ಹೊಳೀತಿರ್ತದೆ. ನನ್ನ ಹತ್ತಿರ ಮಾತಾಡುತ್ತಲೇ ಹೆಬ್ಬೆರಳಲ್ಲಿ ಅಂಚು ಸವರಿ ಬೇರೆ ಮಾಡ್ತಾಳೆ, ನಾಣ್ಯದ ಕಡೆ ನೋಡೋದೇ ಇಲ್ಲ. ಹಳೆಯ ಹೆಬ್ಬೆರಳಿನ ಚಿತ್ರದ ಒಂದು ರೂಪಾಯಿ ಮತ್ತು 2011ರಲ್ಲಿ ಬಂದ ನಮೂನೆಯ ಎರಡು ರೂಪಾಯಿ ಅಗಲ ಒಂದೇ. ದೀಪದ ಬೆಳಕಲ್ಲಿ ನಾನೇ ಎಷ್ಟೋ ಸಲ ತಪ್ಪಿದ್ದೇನೆ. ಅವಳು ಒಂದು ದಿನವೂ ತಪ್ಪಿಲ್ಲ.

ಆಟೋದವರು ಗಾಡಿಯೊಳಗಿನ ದೇವರ ಪಟದ ಕೆಳಗೆ ಇಟ್ಟ ಬೋಣಿ ನಾಣ್ಯ ಬಿಟ್ಟು ಉಳಿದದ್ದೆಲ್ಲ ಕೊಡ್ತಾರೆ. ಕಾಲೇಜು ಹುಡುಗರು ಎರಡು ರೂಪಾಯಿ ವಾಪಸ್ ಕೊಟ್ಟರೆ "ಇರ್ಲಿ ಬಿಡಿ ಅಣ್ಣ" ಅಂತ ಹೋಗ್ತಾರೆ. ನಾನು ಬಿಡೋದಿಲ್ಲ, ಕೂಗಿ ಕರೆದು ಕೊಡ್ತೇನೆ. ನಿವೃತ್ತ ಮಾಸ್ತರರೊಬ್ಬರು ಹತ್ತು ಹತ್ತು ನಾಣ್ಯ ಪೇಪರಿನಲ್ಲಿ ಸುತ್ತಿ ಮೇಲೆ ಮೊತ್ತ ಬರೆದು ತರ್ತಾರೆ. ಹೊನ್ನಾವರದ ಆಚೆ ದಿನಾ ಹೋಗಿಬರುವ ಒಬ್ಬರು ಶರಾವತಿ ಸೇತುವೆ ದಾಟುವಾಗ ತಪ್ಪದೆ ಒಂದು ರೂಪಾಯಿ ನೀರಿಗೆ ಎಸೀತಾರೆ, ಅದಕ್ಕೆ ಅಂತಲೇ ನನ್ನಿಂದ ವಾರಕ್ಕೆ ಹನ್ನೆರಡು ಒಂದರ ನಾಣ್ಯ ಒಯ್ತಾರೆ. ದೇವರ ಮುಂದೆ ಅರಿಶಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪನ್ನು ಮಾತ್ರ ಯಾರೂ ಬಿಚ್ಚೋದಿಲ್ಲ, ನಾನು ಕೇಳೋದೂ ಇಲ್ಲ. ದೇವಸ್ಥಾನದ ಹುಂಡಿಯ ದುಡ್ಡು ಲೆಕ್ಕವಾಗಿ ಬ್ಯಾಂಕಿಗೆ ಹೋಗ್ತದೆ. ಆದರೆ ಆರತಿ ತಟ್ಟೆಯ ದಕ್ಷಿಣೆ ಭಟ್ಟರದ್ದು. ಅವರು ವಾರಕ್ಕೊಮ್ಮೆ ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಬರ್ತಾರೆ, ಎಣ್ಣೆ ಕುಂಕುಮ ಹತ್ತಿದ ನಾಣ್ಯ. ಅಘನಾಶಿನಿ–ತದಡಿ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಓಡಾಡುವವರ ಕೈಯಲ್ಲೂ ಚಿಲ್ಲರೆ ಓಡಾಡ್ತದೆ. ಆ ಕಡೆಯಿಂದಲೂ ಸ್ವಲ್ಪ ಬರುವ ಹಾಗೆ ಮಾಡಿಕೊಂಡಿದ್ದೇನೆ.

ಮೀನಿನ ವಾಸನೆಯ ನಾಣ್ಯ ಕೆಲವು ಗಿರಾಕಿಗಳು ಮುಟ್ಟೋದಿಲ್ಲ. ಹಾಗಾಗಿ ತೊಳೆಯುವ ಪ್ರಯೋಗ ಶುರುವಾಯಿತು. ಹುಣಸೆಹಣ್ಣಿನ ನೀರಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಸ್ಟೀಲ್ ನಾಣ್ಯಕ್ಕೆ ಏನೂ ಆಗಲಿಲ್ಲ. ಹಳದಿ ಐದರ ನಾಣ್ಯ ಕೆಂಪಗೆ ತಿರುಗಿತು! ಖೋಟಾ ಅಂತ ಹೇಳಿ ಯಾರೂ ತೆಗೆದುಕೊಳ್ಳಲಿಲ್ಲ, ಸುಮಾರು 300 ರೂಪಾಯಿ ನಾಲ್ಕು ತಿಂಗಳು ಕೂತಿತ್ತು. ಈಗ ಅಂಟುವಾಳ ಕಾಯಿ ನೀರಲ್ಲಿ ಹತ್ತು ನಿಮಿಷ ಇಟ್ಟು ತೆಂಗಿನ ನಾರಲ್ಲಿ ತಿಕ್ಕಿ ಬಟ್ಟೆಯ ಮೇಲೆ ಹರಡ್ತೇನೆ. ಮಳೆಗಾಲದಲ್ಲಿ ಒಲೆಯ ಹತ್ತಿರ. ವಾಸನೆ ಪೂರ್ತಿ ಹೋಗ್ತದೆ.

ತೂಕದ ಪ್ರಯೋಗವೂ ಮಾಡಿದೆ. ಎಣಿಸುವ ಬದಲು ತಕ್ಕಡಿಗೆ ಹಾಕಿದರೆ ಹೇಗೆ ಅಂತ. ಒಂದು ರೂಪಾಯಿ ನಾಣ್ಯ ಹಳೆಯದು ಐದು ಗ್ರಾಂ ಹತ್ತಿರ, ಆಮೇಲಿನದು ನಾಲ್ಕರ ಒಳಗೆ, ಈಗಿನದು ಮೂರರ ಆಸುಪಾಸು. ಎಲ್ಲ ಬೆರೆತರೆ ತೂಕದಿಂದ ಏನೂ ತಿಳಿಯೋದಿಲ್ಲ. ಹತ್ತರ ನಾಣ್ಯಕ್ಕೆ ಮಾತ್ರ ನಡೀತದೆ. ಹಳೇದು ಹೊಸದು ತೂಕ ಹೆಚ್ಚುಕಮ್ಮಿ ಒಂದೇ, ನೂರು ನಾಣ್ಯಕ್ಕೆ 770 ಗ್ರಾಂಗಿಂತ ಸ್ವಲ್ಪ ಮೇಲೆ ಬರ್ತದೆ.

ಹತ್ತರ ನಾಣ್ಯದ್ದೇ ದೊಡ್ಡ ಕಥೆ. ನಡೆಯೋದಿಲ್ಲ ಅಂತ ಸುದ್ದಿ ಹಬ್ಬಿ ಇಂದಿಗೂ ಎಷ್ಟೋ ಜನ ತೆಗೆದುಕೊಳ್ಳೋದಿಲ್ಲ. ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ 14 ನಮೂನೆಯೂ ಚಲಾವಣೆಯಲ್ಲಿವೆ ಅಂತ ಹೇಳಿದೆ. ನಾನು ಯಾರಿಗೂ ಇಲ್ಲ ಅನ್ನದೆ ತೆಗೆದುಕೊಂಡು ಒಂದು ಹೊತ್ತಿನಲ್ಲಿ 14,000ದಷ್ಟು ಸೇರಿಬಿಟ್ಟಿತ್ತು. ಗಲ್ಲಾದಲ್ಲಿ ಸತ್ತ ದುಡ್ಡು. ಬೋರ್ಡ್ ಬರೆದೆ, ವಾದ ಮಾಡಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ವಾದ ಬಿಟ್ಟು ಕೊಡುವ ರೀತಿ ಬದಲಿಸಿದೆ. ನಾಣ್ಯ ನೋಟಿನ ಮೇಲಿಟ್ಟು ಚಾಚಬೇಡಿ. ಮೊದಲು ಹತ್ತರ ನಾಣ್ಯವನ್ನು ಅಂಗೈಗೆ ಕೊಡಿ, ಆಮೇಲೆ ನೋಟು. ಕೈಯಲ್ಲಿ ಕೂತ ನಾಣ್ಯ ವಾಪಸ್ ಬರೋದು ಕಡಿಮೆ. ಬೇಡ ಅಂದವರಿಗೆ ಮರುಮಾತಿಲ್ಲದೆ ನೋಟು ಕೊಡ್ತೇನೆ. ಹೀಗೆ ಆರೇಳು ತಿಂಗಳಲ್ಲಿ ಎಲ್ಲ ಹೋಯಿತು.

50 ಪೈಸೆಯೂ ಡಬ್ಬಿಯಲ್ಲಿ ಬರ್ತದೆ. ಅದಿನ್ನೂ ಕಾನೂನಿನಂತೆ ನಡೆಯುವ ನಾಣ್ಯ. ನಾನು ಲೆಕ್ಕಕ್ಕೆ ಹಿಡೀತೇನೆ, ಒಂದು ಭರಣಿಯಲ್ಲಿ 300ರ ಮೇಲೆ ಬಿದ್ದಿವೆ. ನಾಲ್ಕಾಣೆ 2011ರ ಜೂನ್ 30ಕ್ಕೇ ಮುಗಿಯಿತು, ಅದನ್ನು ಮಕ್ಕಳಿಗೆ ಆಡಲು ವಾಪಸ್ ಕೊಡ್ತೇನೆ.

ಈಗಿನ ಲೆಕ್ಕ ನೆನಪಿನಿಂದ ಹೇಳೋದಾದರೆ, ಹಂಚಿದ್ದು 62 ಡಬ್ಬಿ, ಓಡಾಡುತ್ತಿರೋದು 45. ಒಂದು ಡಬ್ಬಿ ಒಂದೂವರೆ ತಿಂಗಳಿಗೆ 350–400 ತರ್ತದೆ. ವಾರಕ್ಕೆ 2,500 ಸಿಕ್ಕಿತು. ಉಳಿದ 500 ಭಟ್ಟರು, ಮೀನಿನ ಅಕ್ಕ, ತಾರಿಯ ಕಡೆಯಿಂದ ಬರ್ತದೆ. ವಾರಕ್ಕೆ 75 ರೂಪಾಯಿ ತಿಂಡಿ ಕೊಡ್ತೇನೆ, ನನಗೆ ಅದರ ಅಸಲು 45. ಮೊದಲು 12,000 ಹೋಗುತ್ತಿದ್ದ ಜಾಗದಲ್ಲಿ ಈಗ ವರ್ಷಕ್ಕೆ ಎರಡೂವರೆ ಸಾವಿರದ ಒಳಗೆ. ಚಾ ಇನ್ನೂ 12.

ಡಬ್ಬಿ ಯಾರಿಗೆ ಕೊಟ್ಟರೆ ಬರ್ತದೆ, ಯಾರಿಗೆ ಕೊಟ್ಟರೆ ಬರೋದಿಲ್ಲ ಅಂತ ಕಂಡುಹಿಡಿಯಲು ನಾನು ಒಂದು ಪ್ರಶ್ನೆ ಕೇಳ್ತೇನೆ. ಅದನ್ನು ಇಲ್ಲಿ ಬರೆಯೋದಿಲ್ಲ. ತಾರಿಯವರ ಜೊತೆ ಏನು ಒಪ್ಪಂದ ಅನ್ನೋದೂ ನನ್ನ ಹತ್ತಿರವೇ ಇರಲಿ.

ಮದುವೆ ಸೀಸನ್ ಬಂದರೆ ಒಂದರ ನಾಣ್ಯ ಮಾಯ ಆಗ್ತದೆ. 51, 101 ಅಂತ ಮುಯ್ಯಿ ಬರೀತಾರಲ್ಲ, ಆ ಮೇಲಿನ ಒಂದು ರೂಪಾಯಿ ಎಲ್ಲಾ ಲಕೋಟೆಗೂ ಬೇಕು. ಈ ಸಲ ಮೊದಲೇ 1,500 ಎತ್ತಿಟ್ಟಿದ್ದೇನೆ. ನಿನ್ನೆ ಭಾವ ಬಂದ. ಮಗಳ ಮದುವೆ ಅವನದ್ದು, ಒಂದರ ನಾಣ್ಯ 200 ಬೇಕಂತೆ. ಎಣಿಸಿ ಕೊಟ್ಟೆ. ಹೋಗುವಾಗ 63ನೇ ನಂಬರಿನ ಡಬ್ಬಿಯನ್ನೂ ಕೈಗೆ ಕೊಟ್ಟು ಕಳಿಸಿದೆ.