ಬೇಸಿಗೆ ಮದುವೆಗೆ ಬಾಡದ ಮಲ್ಲಿಗೆ ಹಾರ

ಕಳೆದ ವೈಶಾಖದಲ್ಲಿ ಮಳವಳ್ಳಿ ಕಡೆಯ ಒಂದು ಮದುವೆಮನೆ. ಹಿಂದಿನ ದಿನವೇ ತಂದಿದ್ದ ಮಲ್ಲಿಗೆ ಹಾರಕ್ಕೆ ರಾತ್ರಿ ಚೆನ್ನಾಗಿ ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು, ಉಗ್ರಾಣದಲ್ಲಿ ಬಾಳೆಗೊನೆಯ ಪಕ್ಕ ಇಟ್ಟಿದ್ದರು. ಧಾರೆ ಹೊತ್ತಿಗೆ ಬಿಚ್ಚಿದರೆ ಹೂವೆಲ್ಲ ಕಂದು. ಹುಡುಗಿ ಹಾರ ಎತ್ತಿದಾಗ ಎಸಳು ಉದುರಿ ಹಸೆಯ ಮೇಲೆ ಬಿತ್ತು. ಇಂಥದ್ದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಚಪ್ಪರದ ಕೆಲಸ ಸುಲಭ. ಹಸಿ ತೆಂಗಿನ ಗರಿ ಹೊದಿಸಿ, ಬಾಗಿಲಿಗೆ ಬಾಳೆಕಂದು ನಿಲ್ಲಿಸಿ, ಮಾವಿನ ತೋರಣ ಕಟ್ಟಿ, ಹೊಂಬಾಳೆ ಇಳಿಬಿಟ್ಟರೆ ಮುಗಿಯಿತು. ಮಂಟಪದ ಕಂಬಕ್ಕೆ ಹೂ ಚುಚ್ಚಲು ಅಂಗಡಿಯ ಹಸಿರು ಫೋಮ್ ಮಾತ್ರ ಕೊಳ್ಳಬೇಡಿ. ಒಣಗಿದರೆ ಪುಡಿಯಾಗುತ್ತದೆ, ಹೊಲಕ್ಕೆ ಬಿದ್ದರೆ ಕೊಳೆಯುವುದೂ ಇಲ್ಲ. ಗೊನೆ ಕಡಿದ ಬಾಳೆಯ ಕಾಂಡವನ್ನು ಒಂದೊಂದು ಅಡಿಗೆ ತುಂಡು ಮಾಡಿ ಅದಕ್ಕೇ ಚುಚ್ಚಿ. ಅದರೊಳಗಿನ ನೀರಿನಲ್ಲೇ ಸುಗಂಧರಾಜದ ಕಡ್ಡಿ, ಸೇವಂತಿಗೆ ಮದುವೆ ಮುಗಿಯುವವರೆಗೂ ನಗುತ್ತಿರುತ್ತವೆ. ಬಾಳೆಯ ಕಲೆ ಹೋಗುವುದಿಲ್ಲ, ಆದ್ದರಿಂದ ರೇಷ್ಮೆ ಸೀರೆ ತಾಗದ ಎತ್ತರದಲ್ಲಿ ಕಟ್ಟಿ.

ಇನ್ನು ಮಲ್ಲಿಗೆ. ಮೊಗ್ಗು ಬಿಡಿಸುವುದು ಬೆಳಗಿನ ಜಾವ, ಅರಳುವುದು ಅದೇ ಸಂಜೆ. ಹಾಗಾಗಿ ಸಂಜೆಯ ಆರತಕ್ಷತೆಗೆ ಅಂದಿನ ಬೆಳಗಿನ ಮೊಗ್ಗು ಸಾಕು. ಜನ ಸೇರುವ ಹೊತ್ತಿಗೆ ತಾನೇ ಅರಳಿ ಘಮ ಬಿಡುತ್ತದೆ. ಮುಹೂರ್ತ 10 ಗಂಟೆಯ ಮೇಲಿದ್ದರೆ ನಸುಕಿನಲ್ಲೇ ಒಬ್ಬರನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕಳಿಸಿ ಹೊಸ ಮೊಗ್ಗು ತರಿಸಿ. ಬೆಳ್ಳಗೆ ಉಬ್ಬಿ ತುದಿ ಮುಚ್ಚಿರಬೇಕು. ಹಸಿರು ಬಣ್ಣದ ಎಳೆ ಮೊಗ್ಗು ಅಗ್ಗ ಸಿಕ್ಕಿತೆಂದು ತಂದರೆ ಅದು ಅರಳದೇ ಬಾಡುತ್ತದೆ.

ಮುಹೂರ್ತ 6-7 ಗಂಟೆಗಿದ್ದರೆ ಹಿಂದಿನ ದಿನದ ಮೊಗ್ಗನ್ನೇ ಕಾಪಾಡಬೇಕು. ಥರ್ಮಾಕೋಲ್ ಡಬ್ಬಿಯ ತಳದಲ್ಲಿ ಐಸ್ ಹಾಕಿ, ಅದರ ಮೇಲೆ ದಪ್ಪಗೆ ಪತ್ರಿಕೆ, ಆಮೇಲೆ ಒರೆಸಿದ ಬಾಳೆಎಲೆ, ಅದರ ಮೇಲೆ ಹೂ. ಐಸು ನೇರ ತಾಗಿದ ಮೊಗ್ಗು ಬೆಂದಂತೆ ಕಂದುತ್ತದೆ. ಹೂವಿನ ಮೇಲೆ ನೀರು ಬೇಡ. ಹೂವಿಗೆ ಇನ್ನೊಂದು ಎಲೆ ಮುಚ್ಚಿ, ಆ ಎಲೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ಸಾಕು. ಡಬ್ಬಿ ಉಗ್ರಾಣದಲ್ಲಿ ಇಡಲೇಬೇಡಿ. ಹಣ್ಣಾಗುತ್ತಿರುವ ಬಾಳೆಗೊನೆಯಿಂದ ಹೊರಡುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ.

ಹೆಚ್ಚು ಜನ ಎಡವುವುದು ಕಟ್ಟುವಾಗ. ನೈಲಾನ್ ದಾರ ಜಾರುತ್ತದೆ, ಹೊಲಿಗೆ ದಾರ ತೊಟ್ಟನ್ನು ಕೊಯ್ಯುತ್ತದೆ. ಬಾಳೆನಾರೇ ಬೇಕು. ಒಣಗಿದ ಪಟ್ಟೆಯನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಸಣ್ಣಗೆ ಸೀಳಿ, ತೇವ ಇರುವಾಗಲೇ ಬಳಸಿ. ನಾರನ್ನು ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಿರಿ. ಎರಡು ಮೊಗ್ಗು ಆಚೆ ಮುಖ, ಎರಡು ಈಚೆ ಮುಖ, ತೊಟ್ಟುಗಳು ನಡುವೆ ಒಂದರ ಮೇಲೊಂದು. ನಾರನ್ನು ತೊಟ್ಟಿಗೆ ಒಂದು ಸುತ್ತು ತಂದು, ಬಲಗೈ ಬೆರಳಲ್ಲಿ ಕುಣಿಕೆ ಮಾಡಿ, ಅದನ್ನು ಮೊಗ್ಗಿನ ತಲೆಯ ಮೇಲಿಂದ ದಾಟಿಸಿ ತೊಟ್ಟಿಗೆ ಇಳಿಸಿ ಎಳೆಯಿರಿ. ತೊಟ್ಟು ಚೂರು ಅಮುಕಿದಂತೆ ಕಂಡರೆ ಅಷ್ಟೇ ಬಿಗಿ ಸಾಕು. ಇನ್ನೂ ಎಳೆದರೆ ತುಂಡಾಗುತ್ತದೆ. ಸಡಿಲ ಬಿಟ್ಟರೆ ಈಗ ಗೊತ್ತಾಗುವುದಿಲ್ಲ, ಬಿಸಿಲಿಗೆ ತೊಟ್ಟು ಸೊರಗಿದ ಮೇಲೆ ಒಂದೊಂದೇ ಜಾರುತ್ತದೆ. ಮುಂದಿನ ಜೋಡಿ ಹಿಂದಿನ ಗಂಟನ್ನು ಮುಚ್ಚುವಷ್ಟು ಹತ್ತಿರ ಬರಬೇಕು. ಒಂದು ಮೊಳ ಆದಮೇಲೆ ತುದಿ ಹಿಡಿದು ಒದರಿ ನೋಡಿ. ಎರಡು ಹೂ ಉದುರಿದರೂ ಬಿಚ್ಚಿ ಮತ್ತೆ ಕಟ್ಟಿ.

ನಡುನಡುವೆ ಮರುಗ, ಕನಕಾಂಬರ ಸೇರಿಸಿ. ಮರುಗ ಒಣಗಿದರೂ ಅದರ ಘಮ ಹೋಗುವುದಿಲ್ಲ. ಬಣ್ಣ ಅದ್ದಿದ ಸುಗಂಧರಾಜ ಬೇಡವೇ ಬೇಡ: ಬೆವರಿಗೆ ಬಣ್ಣ ಇಳಿದು ಮದುಮಗನ ಬಿಳಿ ಪಂಚೆ, ಶಲ್ಯ ಎಲ್ಲ ನೀಲಿ, ಗುಲಾಬಿ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾಲೆ ಬದಲಿಸಲು ಅರ್ಧ ಗಂಟೆ ಇರುವಾಗ ಹಾರವನ್ನು ಡಬ್ಬಿಯಿಂದ ತೆಗೆದು, ಬಾಳೆಎಲೆ ಸಮೇತ ನೆರಳಿನಲ್ಲಿ ಬಿಚ್ಚಿಡಿ. ಫ್ಯಾನಿನ ಗಾಳಿ ನೇರ ಬೀಸದಿರಲಿ. ತಣ್ಣಗಿದ್ದ ಮೊಗ್ಗು ಬೆಚ್ಚಗಾಗುತ್ತಾ ತುದಿ ಬಿಚ್ಚಲು ಶುರುಮಾಡುತ್ತದೆ; ಆಗ ಹಸೆಗೆ ಕಳಿಸಿ.