ಸ್ಪಾಯ್ಲರ್‌ಗೆ ಯಾವ ಬೋಲ್ಟ್?

ಕಾರಿನ ಡಿಕ್ಕಿ ಮೇಲೆ ಕೂರುವ ಸ್ಪಾಯ್ಲರ್ (ರೆಕ್ಕೆಯಂಥ ಪಟ್ಟಿ) ಕಾಲಿನೊಳಗಿನ ಹಿತ್ತಾಳೆ ಇನ್ಸರ್ಟ್, ಅಂದರೆ ಬೋಲ್ಟ್ ಕೂರುವ ಥ್ರೆಡ್ ಇರುವ ಕೊಳವೆ, ಹೆಚ್ಚಾಗಿ ಎಂ6 (6 ಮಿ.ಮೀ. ವ್ಯಾಸದ ಬೋಲ್ಟಿನದು), ಪಿಚ್ (ಥ್ರೆಡ್‌ಗಳ ನಡುವಿನ ಅಂತರ) 1.0 ಮಿ.ಮೀ. ಹೊಸ ಎಂ6 ಬೋಲ್ಟನ್ನು ಬೆರಳಲ್ಲೇ ತಿರುಗಿಸಿ ನೋಡಿ; ಸಲೀಸಾಗಿ ನಾಲ್ಕೈದು ಸುತ್ತು ಹೋಗಬೇಕು. ಲೊಡಲೊಡ ಅಂದರೆ ಅದು ಕಾಲಿಂಚಿನ ಥ್ರೆಡ್ ಇರಬಹುದು, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ.

ಜನ ಎಡವುವುದು ಉದ್ದದಲ್ಲಿ. ಡಿಕ್ಕಿಯ ತಗಡು, ರಬ್ಬರ್ ಗ್ಯಾಸ್ಕೆಟ್, ವಾಷರ್ ಮೂರರ ದಪ್ಪ ಕೂಡಿಸಿ, ಅದಕ್ಕೆ 9ರಿಂದ 12 ಮಿ.ಮೀ. ಸೇರಿಸಿ. ದಪ್ಪ 6 ಬಂದರೆ ಎಂ6×16 ಸಾಕು. ಇನ್ಸರ್ಟಿನ ಆಳವನ್ನೂ ತಂತಿ ಇಳಿಸಿ ಅಳೆಯಿರಿ: ಬೋಲ್ಟ್ ತಳ ಮುಟ್ಟಿದರೆ ಬಿಗಿಯಾದಂತೆ ಅನಿಸುತ್ತದೆ, ಸ್ಪಾಯ್ಲರ್ ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ಇನ್ನೂ ತಿರುಗಿಸಿದರೆ ಇನ್ಸರ್ಟೇ ಕಿತ್ತುಹೋಗಬಹುದು.

ಎ2 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿಗೆ 18 ಮಿ.ಮೀ. ಅಗಲದ ವಾಷರ್ ಹಾಕಿ. ಚಿಕ್ಕದು ತೆಳು ತಗಡನ್ನು ಗುಳಿ ಬೀಳಿಸುತ್ತದೆ. ಸ್ಪಾಯ್ಲರ್ ಎಬಿಎಸ್ ಪ್ಲಾಸ್ಟಿಕ್ಕಿನದಾದರೆ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲಾಗದಂತೆ ಹಚ್ಚುವ ಅಂಟು) ಬೇಡ, ತಾಗಿದಲ್ಲಿ ಬಿರುಕು ಬಿಡುತ್ತದೆ. ಡಿಕ್ಕಿಯ ತಗಡಿನಲ್ಲಿ ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿದ ಮೇಲೆಯೇ ಕೂರಿಸಿ.