ಎಂಜಿನ್ ತಾಪಮಾನದ ಮುಳ್ಳು ಏರಿಳಿಯುತ್ತಿದ್ದರೆ ದೋಷ ಪತ್ತೆಹಚ್ಚುವ ಬಗೆ

ಟೆಂಪರೇಚರ್ ಮೀಟರಿನ ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯತೊಡಗಿದಾಗ ಹೆಚ್ಚಿನವರು ಮೊದಲು ಥರ್ಮೋಸ್ಟಾಟ್ (ಎಂಜಿನ್ ತಂಪಾಗಿಸುವ ದ್ರವದ ಹರಿವನ್ನು ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟ) ಬದಲಾಯಿಸುತ್ತಾರೆ. ನಾನೂ ಒಮ್ಮೆ ಹಾಗೆಯೇ ಒಂದರ ಹಿಂದೊಂದು ಎರಡು ಥರ್ಮೋಸ್ಟಾಟ್ ಹಾಕಿಸಿದ ಮೇಲೆ, ರೇಡಿಯೇಟರ್ ಮುಚ್ಚಳದ ರಬ್ಬರ್ ವಾಷರ್ ಸೀಳಿದ್ದು ಕಣ್ಣಿಗೆ ಬಿತ್ತು. ಅಂದಿನಿಂದ, ಮುಳ್ಳು ಏರುವುದು ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ ಎಂಬುದನ್ನು ಒಂದೆರಡು ದಿನ ಗಮನಿಸಿ ಬರೆದಿಟ್ಟುಕೊಳ್ಳದೆ ಯಾವ ಭಾಗಕ್ಕೂ ಕೈ ಹಾಕುವುದಿಲ್ಲ.

ಸಾಮಾನ್ಯವಾಗಿ ಬಿಸಿಯಾದ ಎಂಜಿನ್‌ನ ಕೂಲಂಟ್, ಅಂದರೆ ಅದನ್ನು ತಂಪಾಗಿಡುವ ದ್ರವ, 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ, ಮತ್ತು ಫ್ಯಾನ್ ಚಾಲೂ ಆಗಿ ನಿಲ್ಲುವಾಗ ಕೆಲವು ಡಿಗ್ರಿಗಳ ಏರಿಳಿತ ಸಹಜವೇ. ಇತ್ತೀಚಿನ ಅನೇಕ ಕಾರುಗಳಲ್ಲಿ ಇಷ್ಟು ಏರಿಳಿತ ಚಾಲಕನಿಗೆ ಕಾಣದಂತೆ ಮುಳ್ಳನ್ನು ನಡುವಿನಲ್ಲೇ ನಿಲ್ಲಿಸುವ ವ್ಯವಸ್ಥೆ ಇರುವುದರಿಂದ, ಅಂಥ ಕಾರಿನಲ್ಲಿ ಮುಳ್ಳು ಅಲುಗಾಡಿತೆಂದರೆ ನಿಜವಾದ ತಾಪಮಾನ ಸಾಕಷ್ಟು ಬದಲಾಗಿದೆ ಎಂದೇ ಅರ್ಥ. ಆದ್ದರಿಂದ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಒಂದನ್ನು ಜೋಡಿಸಿ ಕೂಲಂಟ್ ತಾಪಮಾನವನ್ನು ಅಂಕಿಗಳಲ್ಲೇ ಓದುವುದು ಒಳ್ಳೆಯದು.

ಪರೀಕ್ಷೆ ಆರಂಭವಾಗಬೇಕಾದದ್ದು ಪೂರ್ತಿ ತಣ್ಣಗಾದ ಎಂಜಿನ್‌ನಿಂದ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಅದುವರೆಗೆ ಕುದಿಯದೆ ಇದ್ದ ಕೂಲಂಟ್ ತಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಮಟ್ಟ ಕಡಿಮೆಯಿದ್ದರೆ ಸೋರಿಕೆ ಹುಡುಕಬೇಕು: ಹೋಸ್‌ಗಳ ಕ್ಲಿಪ್, ರೇಡಿಯೇಟರಿನ ಅಂಚು, ವಾಟರ್ ಪಂಪ್ ಅಡಿಯ ಸಣ್ಣ ರಂಧ್ರ, ಒಳಗಿನ ಹೀಟರ್ ಸೋರಿ ಚಾಲಕನ ಪಕ್ಕದ ಸೀಟಿನ ಮುಂದಿನ ಕಾರ್ಪೆಟ್ ಒದ್ದೆಯಾಗಿದೆಯೇ ಎಂಬುದು. ಒಣಗಿದ ಕೂಲಂಟ್ ಬಿಳಿಯ ಅಥವಾ ಬಣ್ಣದ ಪುಡಿಯಂತಹ ಕಲೆ ಬಿಟ್ಟಿರುತ್ತದೆ. ಮುಚ್ಚಳವನ್ನೂ ನಿರ್ಲಕ್ಷಿಸಬಾರದು. ಅದು ಸಾಮಾನ್ಯವಾಗಿ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಡುವುದರಿಂದಲೇ, ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಕೂಲಂಟ್, ಅಂದರೆ ನೀರು ಮತ್ತು ಗ್ಲೈಕಾಲ್‌ಗಳ ಅರ್ಧಕ್ಕರ್ಧ ಮಿಶ್ರಣ, ಎಂಜಿನ್‌ನಲ್ಲಿ 125 ಡಿಗ್ರಿ ದಾಟುವವರೆಗೂ ಕುದಿಯದೆ ಇರುತ್ತದೆ. ಮುಚ್ಚಳದ ಸ್ಪ್ರಿಂಗ್ ಸಡಿಲವಾದರೆ ಈ ಅಂತರ ಕುಗ್ಗಿ, ಅಲ್ಲಲ್ಲಿ ಹಬೆಯ ಗುಳ್ಳೆಗಳು ಎದ್ದು ಮುಳ್ಳು ಕುಣಿಯತೊಡಗುತ್ತದೆ.

ಇನ್ನು ಬರೆದಿಟ್ಟುಕೊಂಡ ಟಿಪ್ಪಣಿಗೆ ಬರೋಣ. ನಿಂತಾಗ ಏರಿ, ಓಡತೊಡಗಿದೊಡನೆ ಇಳಿಯುತ್ತಿದ್ದರೆ ಫ್ಯಾನ್ ಕಡೆ ನೋಡಬೇಕು, ಏಕೆಂದರೆ ವೇಗದಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟಾರ್ ಪರೀಕ್ಷಿಸಿ. ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈ ಹಾಕಬಾರದು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ಕೂಲಂಟ್ ಬೇಕಾದಷ್ಟು ಹರಿಯುತ್ತಿಲ್ಲ ಅಥವಾ ರೇಡಿಯೇಟರ್ ಕಟ್ಟಿಕೊಂಡಿದೆ. ರೇಡಿಯೇಟರಿನ ಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಲ್ಲಲ್ಲಿ ಅಳೆದಾಗ, ಕೆಲವೆಡೆ ಮಾತ್ರ ತಣ್ಣಗಿದ್ದರೆ ಒಳಗಿನ ಕೊಳವೆಗಳು ಮುಚ್ಚಿವೆ. ಎಂಜಿನ್ ಜೋರು ಮಾಡಿದಾಗ ಕೆಳಗಿನ ಹೋಸ್ ಚಪ್ಪಟೆಯಾಗುತ್ತಿದ್ದರೆ ಅದನ್ನೇ ಬದಲಾಯಿಸಬೇಕು. ಹೆದ್ದಾರಿಯಲ್ಲಿ ಮುಳ್ಳು ಕೆಳಗಿಳಿದು, ನಿಂತಾಗ ಮತ್ತೆ ಮೇಲೆ ಬರುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಆಗ ಸ್ಕ್ಯಾನರ್ ಬಹುಮಟ್ಟಿಗೆ ಪಿ0128 (ಕೂಲಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ) ಎಂಬ ಕೋಡ್ ತೋರಿಸುತ್ತದೆ.

ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಅದನ್ನು ಬಿಚ್ಚಿ, ತಳಕ್ಕೆ ತಾಗದಂತೆ ದಾರದಲ್ಲಿ ಕಟ್ಟಿ, ನೀರಿನ ಪಾತ್ರೆಯಲ್ಲಿ ಇಳಿಬಿಡಿ. ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು ನೀರು ಕಾಯಿಸಿದರೆ, ಥರ್ಮೋಸ್ಟಾಟ್ ಮೈಮೇಲೆ ಕೊರೆದಿರುವ ಡಿಗ್ರಿಯ ಹತ್ತಿರ, ಅನೇಕ ಕಾರುಗಳಲ್ಲಿ 82ರಿಂದ 92ರ ನಡುವೆ, ಒಳಗಿನ ಮೇಣ ಕರಗಿ ಹಿಗ್ಗಿ ಕವಾಟವನ್ನು ಮೆಲ್ಲಗೆ ತಳ್ಳುವುದು ಕಾಣುತ್ತದೆ. ಅದು ತಡೆದು ತಡೆದು ಒಮ್ಮೆಲೇ ತೆರೆದರೆ, ಅಥವಾ ತಣ್ಣಗಾದ ಮೇಲೂ ಸಂದು ಉಳಿದರೆ, ಅಂಥದನ್ನು ಮತ್ತೆ ಹಾಕಬೇಡಿ. ಇನ್ನೂ ಹೆಚ್ಚಿನ ತಾಪಮಾನದಲ್ಲಿ ತೆರೆಯುವ ಬಗೆಯದ್ದಾದರೆ ಅಷ್ಟರವರೆಗೆ ಕಾಯಬೇಕಾಗುತ್ತದೆ.

ಯಾವ ಕ್ರಮಕ್ಕೂ ಸಿಗದೆ ಮುಳ್ಳು ದಿಢೀರನೆ ಏರಿ, ಅಷ್ಟೇ ಬೇಗ ಇಳಿಯುವುದು ಏರ್ ಲಾಕ್‌ನ, ಅಂದರೆ ಕೂಲಂಟ್ ಹರಿಯುವ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರುವುದರ ಲಕ್ಷಣ. ಕೂಲಂಟ್ ಬದಲಾಯಿಸಿದ ಮರುದಿನವೇ ತೊಂದರೆ ಆರಂಭವಾಗಿದ್ದರೆ ಬೇರೇನನ್ನೂ ಹುಡುಕುವ ಮೊದಲು ಇದನ್ನು ನೋಡಬೇಕು. ಸಿಕ್ಕಿಕೊಂಡ ಗಾಳಿಯ ಗುಳ್ಳೆ ಸೆನ್ಸರ್ ಮುಂದೆ ಬಂದಾಗ ಒಂದು ಓದು, ಕೂಲಂಟ್ ಬಂದಾಗ ಮತ್ತೊಂದು. ನಿಂತಾಗ ಹೀಟರಿನಿಂದ ತಣ್ಣನೆಯ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬಿಸಿ ಗಾಳಿ ಬರುವುದೂ ಇದೇ ಕಾರಣದಿಂದ. ತಣ್ಣಗಿರುವ ಕಾರಿನ ಮುಂಭಾಗ ಎತ್ತರದಲ್ಲಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದು, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ ಎಂಜಿನ್ ಚಾಲು ಮಾಡಿ. ಮೇಲಿನ ಹೋಸ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದಾಗ ಮಟ್ಟ ತಟ್ಟನೆ ಇಳಿಯುತ್ತದೆ. ಆಗ ಕೂಲಂಟ್ ತುಂಬಿಸುತ್ತ, ಗುಳ್ಳೆ ನಿಂತ ಮೇಲೆ ಸ್ಕ್ರೂ ಬಿಗಿದು ಮುಚ್ಚಳ ಹಾಕಬೇಕು. ಕೆಲವು ಮಾದರಿಗಳಿಗೆ ಬೇರೆಯೇ ವಿಧಾನವಿರುವುದರಿಂದ ಕಾರಿನ ಕೈಪಿಡಿಯನ್ನು ಮೊದಲು ನೋಡಿಕೊಳ್ಳಬೇಕು.

ಹೆಡ್‌ಲೈಟ್ ಹಾಕಿದಾಗ ಮುಳ್ಳು ಜಿಗಿದರೆ ಅದು ತಂಪಿನ ಸಮಸ್ಯೆಯಲ್ಲ, ಅರ್ತಿಂಗ್ ತಂತಿಯ ಸಮಸ್ಯೆ. ಸ್ಕ್ಯಾನರಿನ ಅಂಕಿ ಸ್ಥಿರವಾಗಿದ್ದು ಮುಳ್ಳು ಮಾತ್ರ ಕುಣಿಯುತ್ತಿದ್ದರೂ ಮೀಟರ್ ಮತ್ತು ಅದರ ವೈರಿಂಗ್ ನೋಡಿದರೆ ಸಾಕು.

ಗಾಳಿಯನ್ನು ಎಷ್ಟು ಸಲ ತೆಗೆದರೂ ಮತ್ತೆ ಗುಳ್ಳೆ ಬರುತ್ತಿದ್ದರೆ, ಸೋರಿಕೆಯೇ ಕಾಣದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ತಣ್ಣಗಿನ ಎಂಜಿನ್ ಚಾಲು ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವಿನ ಸೀಲು) ಒಡೆದಿರುವ ಸಾಧ್ಯತೆ ಹೆಚ್ಚು. ಹಾಗಾದಾಗಲೆಲ್ಲ ಎಂಜಿನ್ ಎಣ್ಣೆ ಹಾಲು ಬೆರೆತಂತೆ ಕಾಣಬೇಕೆಂದೇನೂ ಇಲ್ಲ. ಎಷ್ಟೋ ಸಲ ಸಿಲಿಂಡರಿನ ಹೊಗೆ ಮಾತ್ರ ಕೂಲಂಟ್‌ಗೆ ನುಸುಳುತ್ತದೆ. ಮೆಕ್ಯಾನಿಕ್ ಬಳಿ ಇರುವ ನೀಲಿ ದ್ರಾವಣದ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟು ಅಲ್ಲಿಯ ಗಾಳಿಯನ್ನು ಹೀರಿಸಿದಾಗ, ದಹನದ ಅನಿಲ ತಾಗಿ ದ್ರಾವಣ ಹಳದಿಗೆ ತಿರುಗಿದರೆ ಅನುಮಾನ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಆ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಸರಿ, ಮತ್ತು ಹೆಡ್ ಬಿಚ್ಚಿದಾಗ ಅದು ಬಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಅಳೆಯದೆ ಹೊಸ ಗ್ಯಾಸ್ಕೆಟ್ ಕೂರಿಸಲು ಒಪ್ಪಬಾರದು.